ನೀವು ಕಂಡದ್ದು ಫೋಟೋದಲ್ಲಿ ಉಂಟಾ?

ಕಾಸರಗೋಡಿನಲ್ಲಿ ಫೋಟೋಗ್ರಫಿ ಕಲಿಯುವವರಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರಹಕ್ಕೆ ಇಳಿಸಿದ್ದೇನೆ.

ಶುರುವಿಗೆ ಎರಡು ಪ್ರಿಂಟ್ ಕೊಡುತ್ತೇನೆ, ಕೈಯಿಂದ ಕೈಗೆ ದಾಟಿಸುತ್ತಾ ನೋಡಿ. ಎರಡೂ ನಾನೇ ತೆಗೆದದ್ದು. ಒಂದೇ ದಿನ, ಒಂದೇ ರೀಲ್, ಕಪ್ಪು ಬಿಳುಪು. ಈಗ ನಾನು ಏನೂ ಹೇಳುವುದಿಲ್ಲ, ಸುಮ್ನೆ ನೋಡಿ.

ಒಂದು ಹೆಚ್ಚುಕಮ್ಮಿ ಪೂರ್ತಿ ಕಪ್ಪು. ನಡುವಿನಲ್ಲಿ ಒಂದು ಬಿಳಿ ಚುಕ್ಕಿ, ಅದರ ಪಕ್ಕ ಯಾರದೋ ಭುಜ ಇರಬಹುದು ಅನ್ನುವ ಹಾಗೆ ಒಂದು ಆಕಾರ. ಇನ್ನೊಂದರಲ್ಲಿ ವಯಸ್ಸಾದ ಒಬ್ಬರು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಮೇಲೆ ಕೂತಿದ್ದಾರೆ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಮಂಡಿಯವರೆಗೆ ಕೆಸರು, ಕಪ್ಪು ಬಿಳುಪಿನಲ್ಲಿದ್ದರೂ ಅದು ಕೆಂಪು ಮಣ್ಣು ಅಂತ ನಮ್ಮ ಕಡೆಯವರಿಗೆ ಗೊತ್ತಾಗಿಯೇ ಆಗುತ್ತದೆ. ಕೈಯಲ್ಲಿ ಚಾದ ಗ್ಲಾಸು. ಗ್ಲಾಸು ಹಿಡಿದ ಬೆರಳಿನ ಉಗುರಿನ ಒಳಗೂ ಮಣ್ಣು. ಕತ್ತಲೆಯಿಂದ ಈಗಷ್ಟೇ ಹೊರಗೆ ಬಂದವರ ಹಾಗೆ ಕಣ್ಣು ಚಿಕ್ಕದು ಮಾಡಿಕೊಂಡು ಎಲ್ಲೋ ನೋಡುತ್ತಿದ್ದಾರೆ.

ಯಾವುದು ಒಳ್ಳೆಯದು? ಎಲ್ಲರ ಕೈಯೂ ಎರಡನೆಯದಕ್ಕೇ ಎದ್ದಿತು. ನಿಮಗೆ ಅರ್ಧ ನಿಮಿಷ ಸಾಕಾಯಿತು. ನನಗೆ ಒಂಬತ್ತು ವರ್ಷ ಬೇಕಾಯಿತು. ಈ ಒಂಬತ್ತು ವರ್ಷದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ಇದು ಸುರಂಗ ತೋಡುವವರ ಫೋಟೋ. ಇಲ್ಲಿರುವ ಹೆಚ್ಚಿನವರಿಗೆ ಸುರಂಗ ಹೊಸದಲ್ಲ, ಆದರೆ ಹೊರಗಿನಿಂದ ಬಂದವರೂ ನಾಲ್ಕು ಜನ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಗುಡ್ಡೆಯ ಒಳಗೆ ಅಡ್ಡಕ್ಕೆ ಹೋಗುತ್ತದೆ. ಒಬ್ಬ ಆಳು ಬಗ್ಗಿಕೊಂಡು ಹೋಗುವಷ್ಟು ಜಾಗ. ಮುರಕಲ್ಲಿನಲ್ಲಿ ಜಿನುಗುವ ನೀರು ತನ್ನಷ್ಟಕ್ಕೇ ಹರಿದು ಹೊರಗಿನ ಟಾಂಕಿಗೆ ಬಂದು ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಶೇಣಿ ಊರುಗಳ ಕಡೆ ಹೋದರೆ ಈಗಲೂ ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ತೋಡುವವರು ಒಳಗೆ ಕ್ಯಾಂಡಲ್ ಇಟ್ಟುಕೊಳ್ಳುತ್ತಿದ್ದರು. ಅದು ಬೆಳಕಿಗೂ ಆಯಿತು, ಗಾಳಿ ಉಂಟಾ ಇಲ್ಲವಾ ಅಂತ ತಿಳಿಯುವುದಕ್ಕೂ ಆಯಿತು. ಕ್ಯಾಂಡಲ್ ಮಂಕಾದರೆ ಪಿಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು.

ಆಗ ನಾನು ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಸುರಂಗದ ಒಳಗಿನ ಫೋಟೋ ಯಾರೂ ತೆಗೆದಿರಲಿಕ್ಕಿಲ್ಲ ಅನ್ನುವ ಹುರುಪು. ಕ್ಯಾಮೆರಾವನ್ನು ಬೈರಾಸಿನಲ್ಲಿ ಸುತ್ತಿಕೊಂಡು ಅವರ ಹಿಂದೆಯೇ ಒಳಗೆ ಹೋದೆ. ಮೊಣಕೈ ತರಚಿತು. ಮೇಲಿನಿಂದ ಕುತ್ತಿಗೆಗೆ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಮಣ್ಣಿನ ವಾಸನೆ, ಪಿಕಾಸಿನ ಪೆಟ್ಟು ಎದೆಯ ಒಳಗೇ ಬಿದ್ದ ಹಾಗೆ ಶಬ್ದ. ಫ್ಲ್ಯಾಶ್ ಹಾಕಿದರೆ ಕ್ಯಾಂಡಲಿನ ಬೆಳಕು ಸತ್ತೇ ಹೋಗುತ್ತದೆ ಅಂತ ಹಾಕಲಿಲ್ಲ. ನಾನೂರು ಸ್ಪೀಡಿನ ಫಿಲ್ಮ್ (ಸ್ಪೀಡ್ ಅಂದರೆ ಫಿಲ್ಮ್ ಬೆಳಕು ಹಿಡಿಯುವ ಚುರುಕು), ಲೆನ್ಸ್ ಪೂರ್ತಿ ತೆರೆದು, ಕಾಲು ಸೆಕೆಂಡು ಶಟರ್ ಬಿಟ್ಟು, ಉಸಿರು ಹಿಡಿದು ತೆಗೆದೆ. ಮೂವತ್ತಾರರಲ್ಲಿ ಮೂವತ್ತೈದು ಫ್ರೇಮ್ ಒಳಗೇ ಮುಗಿಯಿತು. ಹೊರಗೆ ಬಂದ ಮೇಲೆ ರೀಲ್ ಮುಗಿಸಬೇಕಲ್ಲ, ಉಳಿದ ಒಂದನ್ನು ಚಾ ಕುಡಿಯುತ್ತಾ ಕೂತಿದ್ದ ಅವರ ಕಡೆಗೆ ತಿರುಗಿಸಿ ಒತ್ತಿದೆ. ಅಷ್ಟೇ.

ಸ್ಟುಡಿಯೋದ ಯಜಮಾನರು ಕಾಂಟಾಕ್ಟ್ ಶೀಟ್ ಹಾಕಿ ಕೊಟ್ಟರು. ಕಿರಿಯರಿಗೆ ಹೇಳುತ್ತೇನೆ, ನೆಗೆಟಿವ್‌ಗಳನ್ನು ಸಾಲಾಗಿ ಕಾಗದದ ಮೇಲೆ ಇಟ್ಟು ಇಡೀ ರೀಲನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡುವುದು, ಒಂದೊಂದು ಫೋಟೋ ಅಂಚೆ ಚೀಟಿಯಷ್ಟು. ಒಳಗಿನ ಫೋಟೋ ತೋರಿಸಿ ಅವರು ಕೇಳಿದರು, "ಇದು ಎಂತದ್ದು?" ನಾನು ಕತೆಯೆಲ್ಲ ಹೇಳಿದೆ. ಅವರು ತಲೆ ಆಡಿಸಿದರು. ಆಮೇಲೆ ಮೂವತ್ತಾರನೆಯದಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಕೇಳಿದರು, "ಇವರು ಯಾರು?"

ಆ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ನನಗೆ ಆವತ್ತು ತಿಳಿಯಲಿಲ್ಲ. ನಾನು ಕಪ್ಪು ಫೋಟೋವನ್ನೇ ದೊಡ್ಡದು ಮಾಡಿಸಿದೆ, ಸ್ಪರ್ಧೆಗಳಿಗೆ ಕಳಿಸಿದೆ, ವಾಪಸ್ ಬಂದಾಗ ತೀರ್ಪುಗಾರರಿಗೆ ಸುರಂಗ ಗೊತ್ತಿಲ್ಲ ಅಂದುಕೊಂಡೆ. ಒಂಬತ್ತು ವರ್ಷದ ನಂತರ ಮನೆ ಬದಲಿಸುವಾಗ ಟ್ರಂಕಿನಲ್ಲಿ ಆ ಶೀಟ್ ಸಿಕ್ಕಿತು. ಯಜಮಾನರು ಆಗ ಇರಲಿಲ್ಲ. ಅವರು ಹಾಕಿದ ಕೆಂಪು ಸುತ್ತು ಹಾಗೇ ಇತ್ತು. ಅಲ್ಲೇ ನೆಲದ ಮೇಲೆ ಕೂತು ಅದನ್ನು ಮೊದಲ ಬಾರಿಗೆ ನೋಡಿದ ಹಾಗೆ ನೋಡಿದೆ.

ಈಗ ಯೋಚಿಸಿ. "ಇದು ಎಂತದ್ದು" ಅಂತ ಕೇಳಿಸಿಕೊಂಡ ಫೋಟೋಕ್ಕೆ ನಾನು ಪಕ್ಕದಲ್ಲಿ ನಿಂತು ಮಾತು ಕೊಡಬೇಕಾಗುತ್ತದೆ. ತರಚಿದ ಮೊಣಕೈ, ತೊಟ್ಟಿಕ್ಕುವ ನೀರು, ಪಿಕಾಸಿನ ಶಬ್ದ, ಇದೆಲ್ಲ ನನ್ನ ತಲೆಯಲ್ಲಿ ಉಂಟು. ಕಾಗದದ ಮೇಲೆ ಇಲ್ಲ. "ಇವರು ಯಾರು" ಅಂತ ಕೇಳಿಸಿಕೊಂಡ ಫೋಟೋ ಆಗಲೇ ನೋಡುವವರನ್ನು ಒಳಗೆ ಕರೆದುಕೊಂಡಾಗಿದೆ, ಅವರು ಇನ್ನಷ್ಟು ಬೇಕು ಅಂತ ಕೇಳುತ್ತಿದ್ದಾರೆ. ನಮ್ಮ ಫೋಟೋವನ್ನು ನಾವೇ ನೋಡುವಾಗ ನಮಗೆ ಆಗುವ ತೊಂದರೆ ಇದೇ. ನಾವು ಫೋಟೋ ನೋಡುವುದಿಲ್ಲ, ಆ ದಿನವನ್ನು ನೋಡುತ್ತೇವೆ. ಕಷ್ಟಪಟ್ಟು ತೆಗೆದದ್ದು ಒಳ್ಳೆಯದಾಗಿ ಕಾಣುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪೊಸಡಿಗುಂಪೆ ಹತ್ತಿ ತೆಗೆದ ಮಂಜಿನ ಫೋಟೋ ಚೆನ್ನಾಗಿಲ್ಲ ಅಂತ ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬರುವುದಿಲ್ಲ, ಅಲ್ವಾ?

ಇದಕ್ಕೆ ಅಮೆರಿಕದಲ್ಲಿ ಒಬ್ಬರು ಒಂದು ದಾರಿ ಮಾಡಿಕೊಂಡಿದ್ದರು. ಗ್ಯಾರಿ ವಿನೋಗ್ರಾಂಡ್, ನ್ಯೂಯಾರ್ಕಿನ ಬೀದಿಗಳಲ್ಲಿ ಫೋಟೋ ತೆಗೆಯುತ್ತಿದ್ದವರು. ತೆಗೆದ ರೀಲನ್ನು ಅವರು ಒಂದೆರಡು ವರ್ಷ ಡೆವಲಪ್ ಮಾಡುತ್ತಲೇ ಇರಲಿಲ್ಲ. ತೆಗೆದ ಹೊತ್ತಿನ ಖುಷಿ ಮನಸ್ಸಿನಲ್ಲಿ ಇರುವಾಗ ಸರಿಯಾಗಿ ಆರಿಸಲು ಆಗುವುದಿಲ್ಲ, ಅದು ಹೋಗಲಿ ಅಂತ ಕಾಯುತ್ತಿದ್ದರು. 1984ರಲ್ಲಿ ತೀರಿಕೊಂಡಾಗ ಡೆವಲಪ್ ಆಗದ ಸುಮಾರು 2,500 ರೀಲ್ ಉಳಿದಿತ್ತು. ಅಷ್ಟು ಕಾಯುವುದು ಬೇಡ. ಆದರೆ ಮೊಬೈಲಿನಲ್ಲಿ ತೆಗೆದು ಮೂರನೇ ನಿಮಿಷಕ್ಕೆ ಸ್ಟೇಟಸ್ ಹಾಕುವ ನಮಗೆ ಹತ್ತು ದಿನವಾದರೂ ಕಾಯುವ ಅಭ್ಯಾಸ ಬೇಕು. ನಾನು ಈಗ ಮಾಡುವುದು ಇಷ್ಟು. ಕಾರ್ಡಿನಿಂದ ಕಂಪ್ಯೂಟರಿಗೆ ಹಾಕುತ್ತೇನೆ, ಫೋಕಸ್ ಸರಿ ಉಂಟಾ ಅಂತ ನಾಲ್ಕು ನೋಡುತ್ತೇನೆ, ಫೋಲ್ಡರ್ ಮುಚ್ಚುತ್ತೇನೆ. ಒಂದು ನೋಟ್ ಪುಸ್ತಕದಲ್ಲಿ ಒಂದೇ ಸಾಲು ಬರೆದಿಡುತ್ತೇನೆ, ಆವತ್ತು ನನ್ನನ್ನು ನಿಲ್ಲಿಸಿದ್ದು ಏನು ಅಂತ. "ಮೀನು ಮಾರುವ ಅಕ್ಕನ ಬುಟ್ಟಿಯಿಂದ ನೀರು ತೊಟ್ಟಿಕ್ಕಿ ರಸ್ತೆಯಲ್ಲಿ ಗೆರೆ ಬಿದ್ದಿತ್ತು." ಹತ್ತು ದಿನ ಬಿಟ್ಟು ಫೋಟೋ ತೆರೆದು ಆ ಗೆರೆ ಉಂಟಾ ಅಂತ ಹುಡುಕುತ್ತೇನೆ. ಎಷ್ಟೋ ಸಲ ಇರುವುದಿಲ್ಲ. ಅಕ್ಕನ ಮುಖ ಇರುತ್ತದೆ, ಬುಟ್ಟಿ ಇರುತ್ತದೆ, ನನ್ನನ್ನು ನಿಲ್ಲಿಸಿದ ಗೆರೆ ಮಾತ್ರ ಫ್ರೇಮಿನ ಕೆಳಗೆ ಹೊರಗೆ ಉಳಿದಿರುತ್ತದೆ. ಅಂದರೆ ಕಣ್ಣು ನೋಡಿತು, ಕೈ ತೆಗೆಯಲಿಲ್ಲ. ಇದು ಗೊತ್ತಾದರೆ ಮುಂದಿನ ಸಲ ಒಂದು ಹೆಜ್ಜೆ ಹಿಂದೆ ಇಡುತ್ತೇನೆ.

ಇನ್ನೊಂದು, ಬೇರೆಯವರಿಗೆ ತೋರಿಸುವ ಕ್ರಮ. "ಹೇಗುಂಟು?" ಅಂತ ದಯವಿಟ್ಟು ಕೇಳಬೇಡಿ. ನಮ್ಮೂರಿನವರು ಒಳ್ಳೆಯವರು, ಯಾರಿಗೂ ನೋವು ಮಾಡಲು ಇಷ್ಟಪಡುವುದಿಲ್ಲ. "ಭಾರೀ ಲಾಯ್ಕುಂಟು" ಅನ್ನುತ್ತಾರೆ, ಮುಗಿಯಿತು. ಅದರ ಬದಲು "ಇದರಲ್ಲಿ ಎಂತ ಕಾಣ್ತದೆ?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ವಿವರಿಸಬೇಡಿ. ಅವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಒಮ್ಮೆ ನನ್ನ ಅತ್ತೆಗೆ ಒಂದು ಮದುವೆಯ ಫೋಟೋ ತೋರಿಸಿದ್ದೆ. ಧಾರೆ ಎರೆಯುವ ಹೊತ್ತು, ತಂದೆಯ ಕಣ್ಣಲ್ಲಿ ನೀರು, ನನಗೆ ಬಹಳ ಹಿಡಿಸಿದ ಫೋಟೋ. ಅತ್ತೆ ಮೊದಲು ಹೇಳಿದ್ದು, "ಆ ಹಿಂದೆ ನೀಲಿ ಡ್ರಮ್ಮು ಯಾಕೆ ಅಲ್ಲಿ ಇಟ್ಟಿದ್ದಾರೆ?" ನೂರು ಸಲ ನೋಡಿದ್ದ ನನಗೆ ಡ್ರಮ್ಮು ಕಂಡೇ ಇರಲಿಲ್ಲ. ಅತ್ತೆಗೆ ಫೋಟೋಗ್ರಫಿ ಗೊತ್ತಿಲ್ಲ, ಆದ್ದರಿಂದಲೇ ಸರಿಯಾಗಿ ಹೇಳಿದರು. ಆವತ್ತಿನಿಂದ ಬಟನ್ ಒತ್ತುವ ಮೊದಲು ನಾಲ್ಕೂ ಮೂಲೆಗೆ ಒಮ್ಮೆ ಕಣ್ಣು ಹಾಯಿಸಿ ಬರುತ್ತೇನೆ. ಒಂದು ಸೆಕೆಂಡಿನ ಕೆಲಸ. ಅರ್ಧ ಹೆಜ್ಜೆ ಎಡಕ್ಕೆ ಸರಿದಿದ್ದರೆ ಆ ಡ್ರಮ್ಮು ಕಂಬದ ಹಿಂದೆ ಹೋಗುತ್ತಿತ್ತು.

ಈಗ ಸ್ವಲ್ಪ ಬೆಳಕಿನ ಬಗ್ಗೆ. ಬೆಳಿಗ್ಗೆ, ಸಂಜೆ ಬೆಳಕು ಚೆನ್ನ ಅಂತ ಎಲ್ಲ ಕಡೆ ಹೇಳುತ್ತಾರೆ, ನಿಜವೇ. ಆದರೆ ನಮ್ಮ ಊರಿನ ಬೆಳಕಿಗೆ ಅದರದ್ದೇ ಗುಣ ಉಂಟು, ಅದನ್ನು ಯಾವ ವಿಡಿಯೋದಲ್ಲೂ ಹೇಳಿಕೊಡುವುದಿಲ್ಲ.

ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ, ಮತ್ತೆ ಆಗಸ್ಟ್ ಮೂರನೇ ವಾರ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ನಮ್ಮ ನೆರಳು ನಮ್ಮ ಕಾಲಡಿಗೇ ಬೀಳುತ್ತದೆ. ಏಪ್ರಿಲ್ ಅಂದರೆ ಮದುವೆ, ಉಪನಯನ, ದೈವದ ಕೋಲದ ಸಮಯ. ಆ ಹೊತ್ತಿಗೆ ಅಂಗಳದ ನಡುವೆ ನಿಲ್ಲಿಸಿ ತೆಗೆದರೆ ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ, ಮೂಗಿನ ಕೆಳಗೆ ಒಂದು ಮೀಸೆ. ಚಪ್ಪರದ ಅಂಚಿಗೆ ಕರೆದುಕೊಂಡು ಬನ್ನಿ, ತಲೆಯ ಮೇಲೆ ನೆರಳು, ಮುಖ ಬಿಸಿಲಿನ ಅಂಗಳದ ಕಡೆಗೆ. ಅಂಗಳದಿಂದ ಎದ್ದು ಬರುವ ಬೆಳಕು ಮುಖಕ್ಕೆ ಕೆಳಗಿನಿಂದ ತುಂಬುತ್ತದೆ. ಇದಕ್ಕೆ ಖರ್ಚಿಲ್ಲ.

ಅಡಿಕೆ ತೋಟದಲ್ಲಿ ಫೋಟೋ ತೆಗೆದವರು ಎಷ್ಟು ಜನ ಇದ್ದೀರಿ? ಹೆಚ್ಚುಕಮ್ಮಿ ಎಲ್ಲರೂ. ಮುಖ ಯಾಕೋ ಕಾಯಿಲೆಯವರ ಹಾಗೆ ಕಾಣುತ್ತದೆ ಅಂತ ಅನಿಸಿದೆಯಾ? ಎಲೆಗಳ ಮೂಲಕ ಇಳಿದು ಬರುವ ಬೆಳಕು ಹಸಿರು. ನಮ್ಮ ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಅಷ್ಟು ಮಾಡಿಕೊಳ್ಳುವುದಿಲ್ಲ. ಕ್ಯಾಮೆರಾದಲ್ಲಿ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಸ್ವಲ್ಪ ಕೆನ್ನೀಲಿ ಕಡೆಗೆ ತಿರುಗಿಸಿದರೆ ಮುಖ ಸರಿಯಾಗುತ್ತದೆ, ಆದರೆ ತೋಟ ಬಣ್ಣ ಕಳೆದುಕೊಳ್ಳುತ್ತದೆ. ಅದಕ್ಕಿಂತ ತೋಟದ ಅಂಚಿಗೆ, ಆಕಾಶ ತೆರೆದುಕೊಂಡಿರುವ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ. ಪಕ್ಕದಲ್ಲಿ ಯಾರಾದರೂ ಬಿಳಿ ಮುಂಡು ಬಿಡಿಸಿ ಹಿಡಿದರೆ ಇನ್ನೂ ಒಳ್ಳೆಯದು. ಮುರಕಲ್ಲಿನ ಗೋಡೆಯ ಪಕ್ಕ ನಿಂತರೆ ಇದರ ಉಲ್ಟಾ, ಕೆನ್ನೆಗೆ ಕೆಂಪು ಛಾಯೆ ಬರುತ್ತದೆ. ಬೇಕಲ ಕೋಟೆಯ ಗೋಡೆಯ ಹತ್ತಿರ ಸಂಜೆ ಐದೂವರೆಗೆ ಇದನ್ನು ನೋಡಿ. ಎಲ್ಲರೂ ಸಮುದ್ರದ ಕಡೆಗೆ ತಿರುಗಿ ಸೂರ್ಯನನ್ನು ತೆಗೆಯುತ್ತಿರುತ್ತಾರೆ. ನೀವು ಬೆನ್ನು ತಿರುಗಿಸಿ ಗೋಡೆ ನೋಡಿ.

ಬಿಳಿ ಮುಂಡು ಅಂದಾಗ ನೆನಪಾಯಿತು. ಕ್ಯಾಮೆರಾದ ಮೀಟರಿಗೆ ಬಿಳಿ ಯಾವುದು ಕಪ್ಪು ಯಾವುದು ಗೊತ್ತಿಲ್ಲ. ಎಲ್ಲವೂ ಬೂದು ಅಂತ ಅದು ತಿಳಿದುಕೊಂಡಿದೆ. ಬಿಳಿ ಮುಂಡು, ಬಿಳಿ ಶರ್ಟು ಹಾಕಿದ ಹತ್ತು ಜನರನ್ನು ನಿಲ್ಲಿಸಿದರೆ ಬೆಳಕು ಜಾಸ್ತಿ ಆಯಿತು ಅಂತ ಅದು ಕಡಿಮೆ ಮಾಡುತ್ತದೆ, ಬಟ್ಟೆ ಮಾಸಿದ ಹಾಗೆ ಬರುತ್ತದೆ. ಆಗ ಎಕ್ಸ್‌ಪೋಶರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದು ಸ್ಟಾಪ್ ಏರಿಸಬೇಕು, ಎರಡು ಪಟ್ಟು ಮಾಡಬೇಕು. ಕಪ್ಪು ಕೋಣ ತೆಗೆಯುವಾಗ ಇಳಿಸಬೇಕು. ಮೊಬೈಲಿನಲ್ಲೂ ಆಗುತ್ತದೆ, ಪರದೆ ಮುಟ್ಟಿದಾಗ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಆಯಿತು. ಮೊಬೈಲ್ ಒಳ್ಳೆಯದಾ ಕ್ಯಾಮೆರಾ ಒಳ್ಳೆಯದಾ ಅಂತ ಬೆಳಿಗ್ಗೆ ಯಾರೋ ಕೇಳಿದಿರಿ. ಕೈಯಲ್ಲಿ ಯಾವುದು ಉಂಟೋ ಅದರಲ್ಲಿ ಒಂದು ವರ್ಷ ತೆಗೆಯಿರಿ. ಆಮೇಲೆ ನಿಮಗೆ ಏನು ಕಡಿಮೆಯಾಗಿದೆ ಅಂತ ನಿಮಗೇ ಗೊತ್ತಾಗಿರುತ್ತದೆ.

ನಮ್ಮ ಬೆಳಕು ನಮಗೆ ಬಾಯಿಪಾಠ ಆಗಬೇಕು. ಸ್ವಚ್ಛ ಬಿಸಿಲಿಗೆ ಹಳಬರ ಲೆಕ್ಕ ಒಂದುಂಟು, ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 16 ಇಟ್ಟು ಫಿಲ್ಮಿನ ಸ್ಪೀಡ್ ಎಷ್ಟೋ ಅಷ್ಟೇ ಶಟರ್ ಇಡುವುದು. ಸ್ಪೀಡ್ ಐಎಸ್‌ಒ 100 ಆದರೆ ನೂರರಲ್ಲಿ ಒಂದು ಸೆಕೆಂಡು. ಆನ್ಸೆಲ್ ಆಡಮ್ಸ್ ಅಂತ ದೊಡ್ಡ ಫೋಟೋಗ್ರಾಫರ್ ಇದ್ದರು. 1941ರಲ್ಲಿ ಒಂದು ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಅನ್ನುವ ಹಳ್ಳಿಯ ಹತ್ತಿರ ಕಾರಿನಲ್ಲಿ ಹೋಗುತ್ತಿದ್ದರು. ಚಂದ್ರ ಮೂಡಿದ್ದಾನೆ, ಕೆಳಗೆ ಚರ್ಚಿನ ಸ್ಮಶಾನದ ಬಿಳಿ ಶಿಲುಬೆಗಳಿಗೆ ಕೊನೆಯ ಬಿಸಿಲು ಬಿದ್ದಿದೆ. ಗಾಡಿ ನಿಲ್ಲಿಸಿ ದೊಡ್ಡ ಕ್ಯಾಮೆರಾ ಹೂಡಿದರು, ನೋಡಿದರೆ ಲೈಟ್ ಮೀಟರ್ ಸಿಗುತ್ತಿಲ್ಲ. ಚಂದ್ರನ ಹೊಳಪು ಎಷ್ಟು ಅಂತ ಅವರಿಗೆ ನೆನಪಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದು ತೆಗೆಯುವಷ್ಟರಲ್ಲಿ ಶಿಲುಬೆಯ ಮೇಲಿನ ಬಿಸಿಲು ಹೋಗಿತ್ತು. ಈ ಫೋಟೋದ ಕತೆ ಇನ್ನೂ ಉಂಟು, ಆಮೇಲೆ ಹೇಳುತ್ತೇನೆ.

ಯಕ್ಷಗಾನಕ್ಕೆ ಬರೋಣ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿ ಇರುವಾಗ ಆಟದ, ಅಂದರೆ ಯಕ್ಷಗಾನದ, ಫೋಟೋ ಬಗ್ಗೆ ಹೇಳದೆ ಹೋಗಲಿಕ್ಕೆ ಆಗುವುದಿಲ್ಲ. ಈಗ ರಂಗಸ್ಥಳಕ್ಕೆ ಎಲ್‌ಇಡಿ ಲೈಟು. ನಮ್ಮ ಕರೆಂಟು ಐವತ್ತು ಹರ್ಟ್ಸ್, ಹಾಗಾಗಿ ಹಲವು ಲೈಟುಗಳು ಸೆಕೆಂಡಿಗೆ ನೂರು ಸಲ ಹೊಳೆದು ಮಂಕಾಗುತ್ತವೆ. ದಿಗಿಣ, ಅಂದರೆ ವೇಷಧಾರಿ ಹಾರಿ ಸುತ್ತುವುದನ್ನು, ಹಿಡಿಯಬೇಕು ಅಂತ ಐನೂರರಲ್ಲಿ ಒಂದು ಸೆಕೆಂಡು ಇಟ್ಟರೆ ಫೋಟೋದ ಮೇಲೆ ಅಡ್ಡಡ್ಡ ಪಟ್ಟಿ ಬರುವುದು ಅದಕ್ಕೇ. ಕ್ಯಾಮೆರಾ ಹಾಳಾಗಿದೆ ಅಂತ ರಿಪೇರಿಗೆ ಕೊಟ್ಟವರೂ ಇದ್ದಾರೆ. ನೂರರಲ್ಲಿ ಒಂದು ಇಟ್ಟು ನೋಡಿ, ಪಟ್ಟಿ ಹೋಗುತ್ತದೆ. ಆದರೆ ಆಗ ವೇಷ ಕುಣಿಯುವಾಗ ಶೇಕ್ ಆಗುತ್ತದಲ್ಲ? ಆಗುತ್ತದೆ. ಅದಕ್ಕೆ ಚೆಂಡೆ ಕೇಳಬೇಕು. ಮುಕ್ತಾಯದ ಪೆಟ್ಟು ಬೀಳುವಾಗ ವೇಷ ಒಂದು ಕ್ಷಣ ನಿಲ್ಲುತ್ತದೆ. ಮುಖ ನಿಂತಿರುತ್ತದೆ, ಬಟ್ಟೆ ಮಾತ್ರ ಇನ್ನೂ ಸುತ್ತುತ್ತಿರುತ್ತದೆ. ಆ ಹೊತ್ತಿಗೆ ಒತ್ತಿದರೆ ಕುಣಿತವೂ ಸಿಗುತ್ತದೆ, ಕಣ್ಣೂ ಸಿಗುತ್ತದೆ. ತಾಳ ಗೊತ್ತಿರುವ ಹುಡುಗರು ನನಗಿಂತ ಒಳ್ಳೆಯ ಆಟದ ಫೋಟೋ ತೆಗೆಯುವುದನ್ನು ನಾನು ನೋಡಿದ್ದೇನೆ. ಅವರ ಕ್ಯಾಮೆರಾ ನನ್ನದಕ್ಕಿಂತ ಸಣ್ಣದು.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನು ತೆಗೆಯಲು ಹೋಗುವವರು ಮೊದಲು ಒಂದು ಗಂಟೆ ಕ್ಯಾಮೆರಾ ಚೀಲದಲ್ಲೇ ಇಟ್ಟು ಕೂತುಕೊಳ್ಳಿ. ತೆಯ್ಯಂ, ಕೋಲದಲ್ಲಂತೂ ಇನ್ನೂ ಜಾಗ್ರತೆ ಬೇಕು. ಪ್ರಸಾದಕ್ಕೆ ಕೈ ಚಾಚಿದ ಅಜ್ಜಿಗೂ ದೈವಕ್ಕೂ ನಡುವೆ ಲೆನ್ಸ್ ತೂರಿಸುವುದನ್ನು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ. ಆ ಅಜ್ಜಿ ವರ್ಷವಿಡೀ ಕಾದಿರುತ್ತಾರೆ. ಎಷ್ಟು ಚೆಂದದ ಫೋಟೋ ಆದರೂ ಅಲ್ಲಿ ಅಡ್ಡ ನಿಲ್ಲುವ ಹಕ್ಕು ನಮಗಿಲ್ಲ.

ಈಗ ಒಂದು ಅಂಗಳದ ಕತೆ. ಹೋದ ಜನವರಿಯಲ್ಲಿ ಕಲಿಯುವ ಆರು ಮಕ್ಕಳನ್ನು ಕರೆದುಕೊಂಡು ಮುಳ್ಳೇರಿಯ ಕಡೆ ನಮ್ಮ ನೆಂಟರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಹಾಕಿದ್ದರು. ನನ್ನ ಷರತ್ತು ಇಷ್ಟೇ. ಅಂಗಳ ಬಿಟ್ಟು ಹೋಗಬಾರದು. ಒಂದೇ ಲೆನ್ಸ್, ಝೂಮ್ ಇಲ್ಲ. ಒಂದೂವರೆ ಗಂಟೆ, ಮೂವತ್ತಾರು ಫೋಟೋ, ಒಂದೂ ಅಳಿಸಬಾರದು.

ಮೊದಲ ಹತ್ತು ಹನ್ನೆರಡು ಫೋಟೋ ಆರೂ ಜನರದ್ದು ಒಂದೇ ಥರ. ಅಡಿಕೆಯ ರಾಶಿ, ಹತ್ತಿರದಿಂದ ಅಡಿಕೆ, ಮನೆ ಮತ್ತು ಅಂಗಳ, ನಗುತ್ತಿರುವ ಚಿಕ್ಕಮ್ಮ. ಇದರಲ್ಲಿ ತಪ್ಪಿಲ್ಲ, ಎಲ್ಲರ ತಲೆಯಲ್ಲೂ ಮೊದಲೇ ಇರುವ ಫೋಟೋಗಳು ಮೊದಲು ಹೊರಗೆ ಬರಲೇಬೇಕು. ಹದಿನೈದಕ್ಕೆ ಬಂದಾಗ ಅವರಿಗೆ ಬೇಜಾರು ಶುರುವಾಯಿತು. ತೆಗೆಯಲಿಕ್ಕೆ ಏನೂ ಇಲ್ಲ ಅಂದರು. ನಾನು ಮಾತಾಡಲಿಲ್ಲ. ಆ ಹೊತ್ತು ಸೂರ್ಯ ತೆಂಗಿನ ಮರದ ಮೇಲೆ ಬಂದ, ಓರೆ ಬಿಸಿಲು ಅಂಗಳಕ್ಕೆ ಬಿತ್ತು, ಪ್ರತಿ ಅಡಿಕೆಗೂ ಒಂದೊಂದು ಉದ್ದ ನೆರಳು ಬಂತು. ಚಿಕ್ಕಮ್ಮ ಅಡಿಕೆ ತಿರುಗಿಸಲು ಬಂದರು. ನೋಡಿದ್ದೀರಲ್ಲ, ಬಗ್ಗುವುದಿಲ್ಲ, ಕಾಲನ್ನು ಎಳೆದುಕೊಂಡು ಅಡಿಕೆಯ ನಡುವೆಯೇ ನಡೆಯುತ್ತಾ ಹೋಗುವುದು. ಪಾದ ಹೋದ ದಾರಿಯಲ್ಲಿ ಗದ್ದೆಯಲ್ಲಿ ನೇಗಿಲ ಗೆರೆ ಬಿದ್ದ ಹಾಗೆ ಎರಡೆರಡು ಗೆರೆ ಬೀಳುತ್ತದೆ.

ಒಬ್ಬ ಹುಡುಗ ಜಗಲಿಯ ಮೇಲೆ ಹತ್ತಿ ನಿಂತ. ಅವನ ಮೂವತ್ತೊಂದನೆಯ ಫೋಟೋದಲ್ಲಿ ಆ ಗೆರೆಗಳು ಅಂಗಳದ ಈ ಅಂಚಿನಿಂದ ಆ ಅಂಚಿಗೆ ಹೋಗಿ, ತಿರುಗಿ, ಮತ್ತೆ ಬಂದು, ಇಡೀ ಫ್ರೇಮ್ ತುಂಬಿವೆ. ಮೇಲಿನ ಮೂಲೆಯಲ್ಲಿ ಚಿಕ್ಕಮ್ಮ ಸಣ್ಣದಾಗಿ, ಸರಿಯಾಗಿ ತಿರುಗುವ ಹೊತ್ತಿನಲ್ಲಿ, ಸೀರೆ ಸ್ವಲ್ಪ ಮೇಲೆ ಎತ್ತಿ ಹಿಡಿದುಕೊಂಡು. ಇಡೀ ಬೆಳಗ್ಗಿನ ಕೆಲಸ ಆ ನೆಲದ ಮೇಲೆ ಬರೆದಿಟ್ಟ ಹಾಗೆ ಕಾಣುತ್ತದೆ. ನಾನು ಆ ಅಂಗಳವನ್ನು ಚಿಕ್ಕಂದಿನಿಂದ ನೋಡಿದವನು, ನನಗೆ ಆ ಗೆರೆ ಕಂಡಿರಲಿಲ್ಲ.

ಸಂಜೆ ಎಲ್ಲರೂ ಒಂದೊಂದು ಆರಿಸಬೇಕಿತ್ತು. ಆ ಹುಡುಗ ಆರಿಸಿದ್ದು ಯಾವುದು ಗೊತ್ತಾ? ಚಿಕ್ಕಮ್ಮನ ನಗುಮುಖ, ಏಳನೆಯ ಫೋಟೋ. ಯಾಕೆ ಅಂತ ಕೇಳಿದೆ. "ಅವರು ನಮಗೆ ಪುನರ್ಪುಳಿ ಶರಬತ್ತು ಮಾಡಿಕೊಟ್ಟರಲ್ಲ ಸರ್, ತುಂಬ ಪ್ರೀತಿಯಿಂದ ಮಾತಾಡಿಸಿದರು" ಅಂದ. ನನಗೆ ಸುರಂಗ ನೆನಪಾಯಿತು. ಶರಬತ್ತಿನ ರುಚಿ ಅವನ ನಾಲಿಗೆಯಲ್ಲಿ ಉಂಟು, ಫೋಟೋದಲ್ಲಿ ಇಲ್ಲ. ಉಳಿದ ಐದು ಮಕ್ಕಳ ಮುಂದೆ ಮೂವತ್ತಾರೂ ಫೋಟೋ ಹರಡಿದೆವು. ಏನೂ ಹೇಳಬೇಡ ಅಂತ ಅವನಿಗೆ ಹೇಳಿದೆ. ಐವರಲ್ಲಿ ನಾಲ್ವರ ಕೈ ಮೂವತ್ತೊಂದರ ಮೇಲೆ ನಿಂತಿತು. ಅವನ ಮುಖ ನೋಡಬೇಕಿತ್ತು. ತನ್ನದೇ ಫೋಟೋವನ್ನು ಬಗ್ಗಿ ಹತ್ತಿರದಿಂದ ನೋಡುತ್ತಿದ್ದ.

ಕಡಿಮೆ ಮಾಡುವುದು ತೆಗೆಯುವುದಕ್ಕಿಂತ ಕಷ್ಟ. ರಾಬರ್ಟ್ ಫ್ರಾಂಕ್ ಅಂತ ಸ್ವಿಟ್ಜರ್‌ಲ್ಯಾಂಡಿನಲ್ಲಿ ಹುಟ್ಟಿದವರು 1950ರ ದಶಕದ ನಡುವಿನಲ್ಲಿ ಅಮೆರಿಕವೆಲ್ಲ ಕಾರಿನಲ್ಲಿ ಸುತ್ತಿ ಸುಮಾರು 28,000 ಫೋಟೋ ತೆಗೆದರು. ಅದರಲ್ಲಿ ಸಾವಿರದಷ್ಟು ಪ್ರಿಂಟ್ ಹಾಕಿ, ಗೋಡೆಗೆ ಚುಚ್ಚಿ, ನೆಲಕ್ಕೆ ಹರಡಿ, ತಿಂಗಳುಗಟ್ಟಲೆ ನೋಡಿದರು. ಕೊನೆಗೆ ಪುಸ್ತಕಕ್ಕೆ ಹೋದದ್ದು 83. ನಾವು ಒಂದು ಜಾತ್ರೆಗೆ ಹೋಗಿ ಬಂದು 83 ಹಾಕುತ್ತೇವೆ. ನೋಡುವವರು ನಾಲ್ಕನೆಯದಕ್ಕೇ ಬೆರಳು ಸರಿಸಿ ಮುಂದೆ ಹೋಗುತ್ತಾರೆ, ಐವತ್ತನೆಯದರಲ್ಲಿ ಇದ್ದ ಒಳ್ಳೆಯದು ಯಾರಿಗೂ ಕಾಣುವುದಿಲ್ಲ. ಲೈಕಿನ ಲೆಕ್ಕವನ್ನು ನಂಬಿ ಆರಿಸಬೇಡಿ. ನಿಮ್ಮ ತಂಗಿಯ ಮಗುವಿನ ಫೋಟೋಕ್ಕೆ ಯಾವಾಗಲೂ ಜಾಸ್ತಿ ಲೈಕ್ ಬರುತ್ತದೆ, ಅದು ಮಗುವಿಗೆ ಬಂದ ಪ್ರೀತಿ.

ನಾನು ಮಾಡುವುದು ಹೇಳುತ್ತೇನೆ. ಎರಡೆರಡು ಫೋಟೋ ಪಕ್ಕ ಪಕ್ಕ ಇಟ್ಟು ಒಂದನ್ನು ತೆಗೆಯುತ್ತೇನೆ. ಒಂದೇ ಫೋಟೋ ಚೆನ್ನಾಗಿದೆಯಾ ಅಂತ ಕೇಳಿಕೊಂಡರೆ ಮನಸ್ಸು ಸುಳ್ಳು ಹೇಳುತ್ತದೆ, ಇದಾ ಅದಾ ಅಂತ ಕೇಳಿದರೆ ಸುಳ್ಳು ಹೇಳುವುದು ಕಷ್ಟ. ಕೆಲವೊಮ್ಮೆ ತಲೆಕೆಳಗು ಮಾಡಿ ನೋಡುತ್ತೇನೆ, ಆಗ ಮುಖ ಮುಖವಾಗಿ ಕಾಣುವುದಿಲ್ಲ, ಬೆಳಕಿನ ತೂಕ ಎಲ್ಲಿ ಬಿದ್ದಿದೆ ಅಂತ ಮಾತ್ರ ಕಾಣುತ್ತದೆ. ಅಂಚೆ ಚೀಟಿಯಷ್ಟು ಸಣ್ಣದು ಮಾಡಿ ನೋಡುತ್ತೇನೆ, ನಮ್ಮ ಯಜಮಾನರ ಕಾಂಟಾಕ್ಟ್ ಶೀಟಿನ ಹಾಗೆ. ಆಮೇಲೆ ಉಳಿದ ಐದಾರನ್ನು ನಾಲ್ಕು ಬೈ ಆರು ಪ್ರಿಂಟ್ ಹಾಕಿಸಿ ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಅಡುಗೆಮನೆಯೇ ಯಾಕೆ ಅಂದರೆ ಅಲ್ಲಿ ನಾವು ಫೋಟೋ ನೋಡಲಿಕ್ಕೆ ಹೋಗುವುದಿಲ್ಲ. ಚಾ ಕುದಿಯುವವರೆಗೆ ಸುಮ್ನೆ ನಿಂತಿರುವಾಗ ಕಣ್ಣು ಹೋಗುತ್ತದೆ. ಒಂದು ವಾರಕ್ಕೆ ಕೆಲವು ಗೋಡೆಯಲ್ಲಿದ್ದರೂ ಕಾಣದ ಹಾಗೆ ಆಗುತ್ತವೆ. ಅವನ್ನು ಕೀಳುತ್ತೇನೆ. ಕೆಲವು ತಿಂಗಳಾದರೂ ಕರೆಯುತ್ತಲೇ ಇರುತ್ತವೆ. ಮುರಕಲ್ಲಿನ ಮೇಲೆ ಕೂತವರು ಈಗಲೂ ಅಲ್ಲೇ ಇದ್ದಾರೆ, ಎಣ್ಣೆಯ ಜಿಡ್ಡು ಹಿಡಿದು ಮೂರು ಸಲ ಹೊಸ ಪ್ರಿಂಟ್ ಹಾಕಿಸಿದ್ದೇನೆ.

ಕಿತ್ತದ್ದನ್ನು ಎಸೆಯಬೇಡಿ. ಒಂದು ಡಬ್ಬದಲ್ಲಿ ಹಾಕಿಡಿ. ಆರು ತಿಂಗಳಿಗೊಮ್ಮೆ ತೆರೆದು ನೋಡಿದರೆ ಒಂದೇ ತಪ್ಪು ಎಷ್ಟು ಸಲ ಮಾಡಿದ್ದೀರಿ ಅಂತ ಕಾಣುತ್ತದೆ. ನನ್ನ ಡಬ್ಬದಲ್ಲಿ ದೂರದಿಂದ ತೆಗೆದದ್ದೇ ಜಾಸ್ತಿ. ಜನರ ಹತ್ತಿರ ಹೋಗಲು ನನಗೆ ಅಂಜಿಕೆ ಇತ್ತು ಅಂತ ನನಗೆ ತಿಳಿದದ್ದು ಆ ಡಬ್ಬದಿಂದ. ಯಾವ ಗುರುವೂ ಹೇಳಿರಲಿಲ್ಲ.

ಆಡಮ್ಸ್ ಕತೆ ಬಾಕಿ ಉಂಟಲ್ಲ. ಆ ಚಂದ್ರನ ಫೋಟೋವನ್ನು ಅವರು ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಮತ್ತೆ ಮತ್ತೆ ಪ್ರಿಂಟ್ ಮಾಡಿದರು. ಒಂದೇ ನೆಗೆಟಿವ್. ಆದರೆ ಮೊದಲಿನ ಪ್ರಿಂಟುಗಳಲ್ಲಿ ಆಕಾಶದಲ್ಲಿ ತೆಳ್ಳನೆ ಮೋಡ ಕಾಣುತ್ತದೆ, ಬೂದು ಬಣ್ಣ ಇದೆ. ಬರಬರುತ್ತಾ ಆಕಾಶ ಕಪ್ಪಾಗುತ್ತಾ ಹೋಯಿತು, ಕೊನೆಯ ವರ್ಷಗಳಲ್ಲಿ ಹೆಚ್ಚುಕಮ್ಮಿ ಪೂರ್ತಿ ಕಪ್ಪು, ಚಂದ್ರ ಒಂದೇ. ಅಷ್ಟು ದೊಡ್ಡವರು, ಅಷ್ಟು ಹೆಸರಾದ ಫೋಟೋ, ಆದರೂ ತಮ್ಮ ಕೆಲಸವನ್ನು ನೋಡಿ ಮುಗಿಯಿತು ಅಂತ ಅವರಿಗೆ ಅನಿಸಲಿಲ್ಲ. ನಿಮ್ಮ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಒಂದು ಮೂವತ್ತಾರನೆಯದು ಇರಬಹುದು. ಈ ವಾರ ಒಮ್ಮೆ ತೆರೆದು ನೋಡಿ, ಆವತ್ತು ಬೇಡ ಅಂದದ್ದನ್ನೇ ಮೊದಲು ನೋಡಿ.

ಮುಂದಿನ ತಿಂಗಳು ಇಲ್ಲೇ ಮತ್ತೆ ಸೇರುತ್ತೇವೆ. ಬರುವಾಗ ಒಂದೇ ಜಾಗದಲ್ಲಿ ತೆಗೆದ ಮೂವತ್ತಾರು ಫೋಟೋ ಸಣ್ಣ ಪ್ರಿಂಟ್ ಹಾಕಿಸಿ ತನ್ನಿ. ಅಂಗಳ ಆಗಬಹುದು, ಬಸ್ ಸ್ಟ್ಯಾಂಡ್ ಆಗಬಹುದು, ಮೀನು ಮಾರ್ಕೆಟ್ ಆಗಬಹುದು. ಹಿಂದೆ ಹೆಸರು ಬರೆಯಬೇಡಿ. ಈ ಮೇಜಿನ ಮೇಲೆ ಹರಡೋಣ. ತೆಗೆದವರು ಮಾತಾಡುವ ಹಾಗಿಲ್ಲ, ಆ ಕಿಟಕಿಯ ಹತ್ತಿರ ನಿಂತುಕೊಳ್ಳಿ. ಕೆಂಪು ಪೆನ್ಸಿಲ್ ನಾನು ತರುತ್ತೇನೆ.